ಫಿರಂಗಿ ಪಡೆಯಿಂದ ಬಂದ ಕಾಗದ

ಅಪ್ಪಾ,

ಅಜ್ಜನ ಫಿರಂಗಿ ಪಡೆಯ ದಾಖಲೆ ಇವತ್ತು ಅಂಚೆಯಲ್ಲಿ ಬಂತು. ನೀನಿದ್ದಾಗಲೇ ಬರೆದು ತರಿಸಬಹುದಿತ್ತು. ಎಪ್ಪತ್ತೊಂದರ ಯುದ್ಧದಲ್ಲಿ ಅವನು ತೋಪಿಗೆ ಗುಂಡು ತುಂಬುತ್ತಿದ್ದನಂತೆ. ಸೇವೆಯಿಂದ ಬಿಡಿಸಿದ ಕಾರಣವನ್ನು ಮೂರು ಸಲ ಓದಿದೆ: ಸ್ಫೋಟದ ಸದ್ದಿಗೆ ಎರಡೂ ಕಿವಿ ಹೋಗಿವೆ, ಎದುರು ನಿಂತು ಆಡಿದ ಮಾತಷ್ಟೇ ತಿಳಿಯುತ್ತದೆ. ಕರೆದರೂ ತಿರುಗದ ಅವನನ್ನು ನಾವು ಸೊಕ್ಕಿನವನು ಎಂದುಕೊಂಡಿದ್ದೆವು.

ತಮ್ಮ ತೀರಿಕೊಂಡ ದಿನ ಅಜ್ಜ ಕಾಲುವೆಯಾಚೆ, ಮರಳಿ ಊರಿನ ಗದ್ದೆಯಲ್ಲಿದ್ದ. ತಿಳಿಸಲು ನೀನು ಒಂಬತ್ತು ವರ್ಷದ ನನ್ನನ್ನು ಓಡಿಸಿದೆ. ಹಸುಗೂಸನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಬಾರದೆಂದು ಹಿರಿಯರು ಅವಸರ ಮಾಡಿದರು. ನೀವೆಲ್ಲ ಮಣ್ಣು ಮಾಡಿ ಬಂದ ಮೇಲೆ ಅಜ್ಜ ಬಂದು, ಹುಲ್ಲಿನ ಹೊರೆ ಇಳಿಸಿ, "ಕೂಸು ಮಲಗೈತೇನು?" ಎಂದ.

ನೀನು ನನ್ನ ಕಡೆ ತಿರುಗಿದೆ. "ರೇಣವ್ವಾ, ನೀ ಹೋಗಿ ಹೇಳಿದ್ದಿಲ್ಲೇನು?"

"ಹೇಳೀನಪ್ಪ. ಬರ್ತೀನಿ ಅಂದ."

ಅವತ್ತಿನಿಂದ ಹನ್ನೊಂದು ವರ್ಷ, ಅವನು ಸಾಯುವವರೆಗೂ, ನೀನು ಅವನೆದುರು ನಿಂತು ಒಂದು ಮಾತೂ ಆಡಲಿಲ್ಲ.

ನಾನು ಕಾಲುವೆ ದಾಟಿರಲಿಲ್ಲ, ಅಪ್ಪಾ. ಈಚೆ ದಂಡೆಯಿಂದಲೇ ಕೂಗಿದ್ದೆ. ಅವನು ನಗುತ್ತಾ ಕೈ ಬೀಸಿದ್ದ.