ಅಕ್ಕನ ಅಳತೆಯ ಸೀಟು

ಅಕ್ಕಾ,

ಮೊದಲು ಪೂರ್ತಿ ಓದು, ಹರಿಯುವುದಿದ್ದರೆ ಆಮೇಲೆ ಹರಿ. ಫೋನ್ ಮಾಡಿದರೆ ನೀನು ಮಾತಿಗೆ ಬರುತ್ತಿಲ್ಲ. ನಿನ್ನ ಸೊಸೆ ಎತ್ತಿ, “ಅತ್ತೆ ಮಲಗಿದಾರೆ ಚಿಕ್ಕತ್ತೆ” ಅನ್ನುತ್ತಾಳೆ, ಪಾಪ. ಅವಳ ಹಿಂದಿನಿಂದ, “ಮಲಗಿಲ್ಲ, ಸತ್ತಿದಾಳೆ ಅಂತ ಹೇಳೇ” ಅನ್ನುವ ನಿನ್ನ ದನಿ ನನಗೆ ಚೆನ್ನಾಗಿ ಕೇಳುತ್ತದೆ. ಸತ್ತವರ ಗಂಟಲು ಅಷ್ಟು ಗಟ್ಟಿ ಇರುವುದಿಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ. ನನಗೆ ಅಕ್ಷರ ತಿದ್ದಿಸಿದವಳು ನೀನೇ, ತಪ್ಪಿದ್ದರೆ ಅರ್ಧ ಪಾಲು ನಿನ್ನದು.

ಅವತ್ತು ಗಾಡಿಯಲ್ಲಿ ಏನಾಯಿತು ಅನ್ನುವುದು ಇಬ್ಬರಿಗೂ ಗೊತ್ತು. ಹೇಗಾಯಿತು ಅನ್ನುವುದು ಮಾತ್ರ ನಿನಗೆ ಗೊತ್ತಿಲ್ಲ. ಅದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಸೊಂಟ ಮುರಿದ ಮೇಲೆ ನೀನು ಆ ಮಹಡಿಯ ಕೋಣೆ ಬಿಟ್ಟು ಕೆಳಗಿಳಿಯಲಿಲ್ಲ. ಮೂಳೆ ಕೂಡಿದೆ, ಓಡಾಡಿಸಿ ಎಂದು ಡಾಕ್ಟರು ಹೇಳಿದರೆ ನೀನು ಗೋಡೆ ಕಡೆ ಹೊರಳಿದೆ. ಕಳೆದ ಬೇಸಿಗೆಯಲ್ಲಿ ನಾನು ನಿನ್ನ ತಲೆ ಬಾಚುತ್ತಿದ್ದಾಗ ನೀನು ಒಂದೇ ಒಂದು ಮಾತು ಅಂದೆ. “ಹೊಳೆ ಈಗ್ಲೂ ಹಾಗೇ ಹರೀತಿದ್ಯೇನೇ, ಕುಳ್ಳಿ?” ಅಂದೆ. ನಾನು ಹೂಂ ಅಂದೆ. ಮನೆಗೆ ಬಂದು ದೇವರ ಮುಂದೆ ಕೂತು ಜಗಳ ಆಡಿದೆ. ನಮ್ಮಕ್ಕ ನಿನ್ನ ಹತ್ತಿರ ಏನೂ ಕೇಳಿದವಳಲ್ಲ, ಇದೊಂದನ್ನು ಕೇಳಿದ್ದಾಳೆ, ಕೊಡು ಎಂದೆ. ಅವನು ತಡ ಮಾಡುತ್ತಾನೆ, ಮರೆಯುವುದಿಲ್ಲ. ಆ ತಿಂಗಳೇ ಕೋಳಿ ಅಂಗಡಿಯವರು ತಮ್ಮ ಹಳೇ ಪಿಕಪ್ ಗಾಡಿಯನ್ನು ಮಾರಲು ಹೊರಟರು.

ನಮ್ಮ ಯಜಮಾನರ ಮೊಣಕಾಲು ನಾವು ಹೊಲಿದ ಹಾಸಿಗೆಗಳನ್ನು ತಳ್ಳುಗಾಡಿಯಲ್ಲಿ ಸಾಗಿಸಲು ಒಲ್ಲೆ ಎನ್ನುತ್ತಿತ್ತು, ಹೇಗೂ ಒಂದು ಗಾಡಿ ಬೇಕಿತ್ತು. ನಾನು ಮಾತ್ರ ಲೆಕ್ಕ ಹಾಕಿದ್ದು ಬೇರೆ, ನಿನ್ನನ್ನು ಹೊಳೆಗೆ ಕರೆದೊಯ್ಯುವುದಕ್ಕೆ. ಕಾರಿನ ಸೀಟು ತಗ್ಗು, ನಿನ್ನ ಸೊಂಟ ಅಷ್ಟು ಬಾಗಬಾರದು. ಪಿಕಪ್ಪಿನ ಸೀಟು ಎತ್ತರ. ಮೊದಲ ದಿನ ಇವರು ಒಳಗೆ ಕೂತು ಫ್ಯಾನ್ ಹಾಕಿದರೆ ಕಿಂಡಿಯಿಂದ ಒಂದು ಬಿಳಿ ಪುಕ್ಕ ಹಾರಿಬಂದು ಮೀಸೆಗೆ ಅಂಟಿತು. “ಹತ್ತಿ ಮನೆಗೆ ಪುಕ್ಕ ಬಂತು, ನೆಂಟಸ್ತನ ಸರಿಯಾಗಿದೆ ಬಿಡು” ಅಂದರು. ಎಷ್ಟು ತೊಳೆದರೂ ಇವತ್ತಿಗೂ ಒಂದೊಂದು ಪುಕ್ಕ ಬರುತ್ತಲೇ ಇದೆ.

ಗಾಡಿಗೇ ಕೈ ಖಾಲಿಯಾಗಿತ್ತು. ಉಳಿದದ್ದೆಲ್ಲ ಗುಜರಿಯಿಂದ, ಮನೆಯಿಂದ, ದೇವರಿಂದ. ನಮ್ಮ ಬೀದಿಯ ತುದಿಯಲ್ಲಿ ವೆಲ್ಡಿಂಗಿನವನಿದ್ದಾನಲ್ಲ, ಬಾಯಿ ಮುಚ್ಚದ ಕಾರಣಕ್ಕೆ ಊರೆಲ್ಲ ಮೌನಿ ಎಂದು ಕರೆಯುವವನು, ಅವನು ಕೂಲಿಯ ಬದಲು ತನ್ನ ಮನೆಮಂದಿಗೆಲ್ಲ ಹಾಸಿಗೆ ಹಿಂಜಿಸಿಕೊಂಡ. ಕ್ಷೌರದಂಗಡಿಯವರು ಎಸೆದ ಕುರ್ಚಿಯೊಂದು ಗುಜರಿಯಲ್ಲಿತ್ತು. ಅದರ ತಿರುಗುವ ತಳ ಕತ್ತರಿಸಿ ಗಾಡಿಯ ಎಡಗಡೆ ಕೂರಿಸಿದ. ಸೀಟು ಬಾಗಿಲ ಕಡೆ ತಿರುಗುತ್ತದೆ, ನೀನು ಕೂರುತ್ತೀ, ಕಾಲು ಎತ್ತುವ ಕಷ್ಟವಿಲ್ಲದೆ ಮೆಲ್ಲಗೆ ಒಳಕ್ಕೆ ತಿರುಗುತ್ತೀ. ಅವನು ತಾನೇ ಕೂತು ಗಿರ್ರನೆ ಸುತ್ತಿ, “ಅಮ್ಮಾ, ಹೀಗೇ ಮುಖಕ್ಕೆ ಸೋಪು ಹಚ್ಬಿಡಿ” ಅಂದ. ನಮ್ಮ ಮುರುಕು ಕಬ್ಬಿಣದ ಮಂಚ ಮೆಟ್ಟಿಲಾಯಿತು. ಹಳೇ ಬಸ್ಸಿನ ಕಂಬಿ ಹತ್ತುವಾಗ ಹಿಡಿದುಕೊಳ್ಳುವ ಹಿಡಿಯಾಯಿತು. ಯಾರದೋ ಗೇಟಿಗೆ ಬಳಿದು ಉಳಿದ ಬಣ್ಣ ಒಂದು ಬಾಗಿಲಿಗೆ ಸಾಕಾಯಿತು, ಇನ್ನೊಂದು ಬಾಗಿಲು ಹುಟ್ಟಿದ ಬಣ್ಣದಲ್ಲೇ ಇದೆ. ಒಳಗಿನ ಛಾವಣಿಗೆ ನಾನು ಹಾಸಿಗೆಯ ಪಟ್ಟೆ ಬಟ್ಟೆ ಹೊಲಿದು ಹೊಡೆದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದವಳು ನೀನು. ನಾವು ಅದನ್ನು ಮೀರಲಿಲ್ಲ.

ಇನ್ನು ತಪ್ಪು ಎಲ್ಲಾಯಿತು ಕೇಳು. ಸೀಟು ಎಷ್ಟು ಎತ್ತರಕ್ಕಿರಲಿ, ಹಿಡಿ ಎಲ್ಲಿ ಹಾಕಲಿ ಎಂದು ಮೌನಿ ಕೇಳಿದ. “ಅವ್ರ ಆಳೆತ್ತರ ಎಷ್ಟಮ್ಮಾ?” ಅಂದ. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ನನ್ನ ಕೈ ತಾನಾಗಿ ಮೇಲೆದ್ದು ನನ್ನ ತಲೆಗಿಂತ ಒಂದು ಗೇಣು ಮೇಲೆ ನಿಂತಿತು. “ಅಬ್ಬಾ, ಕಂಬಾನಾ ಅವ್ರು!” ಅಂದ. ಹೌದಪ್ಪ, ನಮ್ಮಕ್ಕ ಎತ್ತರ, ಹೊಳೆ ದಾಟುವಾಗ ಅವಳ ಹೆಗಲ ಮೇಲೆ ಕೂತರೆ ನನಗೆ ಆಚೆ ದಡ ಮೊದಲೇ ಕಾಣುತ್ತಿತ್ತು ಎಂದೆ. ಅಮ್ಮ ನಸುಕಿಗೇ ಹತ್ತಿ ಹಿಂಜಲು ಕೂತರೆ ನನ್ನನ್ನು ಹೊತ್ತು ತಿರುಗಿದವಳು ನೀನಲ್ಲವೇ? ಕೊಳಕಾದ ಹಾಸಿಗೆ ಗವಸುಗಳ ಗಂಟು ತಲೆಯ ಮೇಲೆ, ನಾನು ಹೆಗಲ ಮೇಲೆ. ಆ ಹುಡುಗಿಯ ಎತ್ತರವನ್ನೇ ನಾನು ಅವನಿಗೆ ಹೇಳಿದ್ದು. ಆ ಎತ್ತರಕ್ಕೇ ಅವನು ಹಿಡಿ ಹಾಕಿದ. ಉದ್ದ ಕಾಲು ತಗಲುತ್ತದೆ ಎಂದು ನಾನೇ ಕುರ್ಚಿಯ ಕಾಲಿಡುವ ಪಟ್ಟಿ ತೆಗೆಸಿದೆ.

ನಿನ್ನನ್ನು ಕೇಳಿ ಅಳತೆ ತೆಗೆದುಕೊಳ್ಳಬಹುದಿತ್ತು. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಗುಟ್ಟಾಗಿ ಮಾಡಿ ನಿನ್ನ ಮುಂದೆ ತಂದು ನಿಲ್ಲಿಸುವ ಆಸೆ ನನಗೆ. ಅವತ್ತು ನಾಲ್ಕು ಜನ ಕುರ್ಚಿ ಸಮೇತ ನಿನ್ನನ್ನು ಮಹಡಿಯಿಂದ ಇಳಿಸಿದರು. ನೀನು ಸೀಟಿನಲ್ಲಿ ಕೂತೆ, ಸೆರಗು ಸರಿಮಾಡಿಕೊಂಡೆ, ಒಳಕ್ಕೆ ತಿರುಗಿದೆ. ನಿನ್ನ ಮುಖ ನೋಡಿ ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಆಮೇಲೆ ಕಾಲು ನೋಡಿದೆ. ಎರಡು ಪಾದವೂ ಗಾಳಿಯಲ್ಲಿ ನೇತಾಡುತ್ತಿದ್ದವು. ಹಿಡಿಗಾಗಿ ನೀನು ಕೈ ಎತ್ತಿದೆ, ಸಿಗಲಿಲ್ಲ. ನಿಮ್ಮ ಎದುರು ಮನೆಯವಳು, “ಅಯ್ಯೋ, ಅಜ್ಜಿ ಉಯ್ಯಾಲೆ ಮೇಲೆ ಮಗು ಕೂತಂಗೆ ಕೂತವ್ರೆ” ಎಂದು ನಕ್ಕುಬಿಟ್ಟಳು. ಅವಳಿಗೇನು ಕೆಟ್ಟ ಮನಸ್ಸಿಲ್ಲ. ಆದರೆ ನಿನ್ನ ಮುಖ ಕಲ್ಲಾಯಿತು. “ನನ್ನನ್ನ ಮೂಟೆ ಅಂದ್ಕೊಂಡ್ಯಾ? ಎಲ್ಲಿ ಬೇಕಾದ್ರೂ ಇಟ್ರಾಯ್ತು ಅಂತಾನಾ? ಇಳ್ಸು” ಅಂದೆ. ಗಾಡಿಯ ಗಾಲಿ ಒಂದು ಸುತ್ತೂ ಉರುಳಲಿಲ್ಲ.

ಅಕ್ಕಾ, ನಿನ್ನ ಅಳತೆಯನ್ನು ನಾನು ಕಡೆಗಣಿಸಿದೆ ಎಂದು ನಿನಗೆ ಅನ್ನಿಸಿದೆ. ಅದೊಂದೇ ನನಗೆ ಸಂಕಟ.

ಮಾರನೇ ದಿನ ನೀನು ಸಿಟ್ಟಿನಲ್ಲಿ, “ಅವಳು ಹೊಲಿದಿದ್ದು ಯಾವುದೂ ನಂಗೆ ಬೇಡ” ಎಂದು ನಿನ್ನ ಹಾಸಿಗೆಯನ್ನೂ ಸುತ್ತಿ ಕಳಿಸಿದೆ ನೋಡು, ದೇವರು ಅಲ್ಲೇ ದಾರಿ ಇಟ್ಟಿದ್ದ. ಹಿಂಜೋಣ ಎಂದು ಅಂಗಳದಲ್ಲಿ ಬಿಡಿಸಿ ಹಾಸಿದೆ. ಇಷ್ಟು ವರ್ಷದ ಕಸುಬು, ಹಾಸಿಗೆ ಬಿಡಿಸಿದರೆ ಮಲಗಿದವರು ಕಾಣುತ್ತಾರೆ. ತಲೆಯ ಕುಳಿ, ಬೆನ್ನಿನ ಕುಳಿ, ಸೊಂಟದ್ದು ಎಲ್ಲಕ್ಕಿಂತ ಆಳ, ಅದೂ ನೋವಿಲ್ಲದ ಮಗ್ಗುಲಿಗೆ ವಾಲಿ. ಕೆಳಗೆ ಹಿಮ್ಮಡಿಯ ಎರಡು ಸಣ್ಣ ಗುಂಡಿ. ಅಲ್ಲಿಗೆ ಮುಗಿಯಿತು. ಅದರಿಂದಾಚೆಗೆ ಒಂದು ಮೊಳಕ್ಕೂ ಹೆಚ್ಚು ಹತ್ತಿ ನಾನು ತುಂಬಿದ ದಿನ ಹೇಗಿತ್ತೋ ಹಾಗೇ ಉಬ್ಬಿಕೊಂಡಿತ್ತು. ನಾವು ಹಾಸಿಗೆ ಕತ್ತರಿಸುವುದು ಮಂಚದ ಅಳತೆಗೆ, ಮನುಷ್ಯರ ಅಳತೆಗಲ್ಲ. ನೀನು ಮಲಗಿದ್ದನ್ನೇ ನೋಡಿ ನೋಡಿ, ನಿನ್ನ ಕಾಲು ಎಲ್ಲಿಗೆ ನಿಲ್ಲುತ್ತದೆ ಎಂದು ನಾನು ಒಂದು ದಿನವೂ ನೋಡಲಿಲ್ಲ.

ಇವರು ಅಂಗಡಿಗೆ ಹೋಗಿದ್ದರು. ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ನಾನು ಆ ಕುಳಿಯಲ್ಲಿ ಮಲಗಿದೆ. ನನ್ನ ತಲೆಯನ್ನು ನಿನ್ನ ತಲೆಯ ಕುಳಿಯಲ್ಲಿಟ್ಟರೆ ನನ್ನ ಹಿಮ್ಮಡಿ ನಿನ್ನ ಹಿಮ್ಮಡಿಯ ಗುಂಡಿ ದಾಟಿ ಎಷ್ಟೋ ಕೆಳಗೆ ಹೋಯಿತು. ಸೊಂಟದ ಹತ್ತಿರ ನನ್ನ ಮೈ ಹಿಡಿಸಲೇ ಇಲ್ಲ. ಕುಳ್ಳಿ, ಕುಳ್ಳಿ ಎಂದು ನೀನು ಕರೆಯುತ್ತಿದ್ದ ನಾನು ಯಾವಾಗಲೋ ನಿನಗಿಂತ ಉದ್ದ ಬೆಳೆದುಬಿಟ್ಟಿದ್ದೇನೆ. ನಿನಗಿದು ಗೊತ್ತಿತ್ತೇ? ಗೊತ್ತಿದ್ದೂ ಹೇಳಲಿಲ್ಲವೇ? ಆಕಾಶ ನೋಡುತ್ತಾ ಮಲಗಿ ಮನಸಾರೆ ಅತ್ತೆ. ಪಕ್ಕದ ಮನೆಯವಳು ಗೋಡೆ ಮೇಲಿಂದ ಇಣುಕಿ, “ಹಾಸಿಗೆ ಪರೀಕ್ಷೆ ಮಾಡ್ತಿದೀರಾ?” ಅಂದಳು. ಹೂಂ ಎಂದೆ.

ಆ ಕುಳಿಗಳನ್ನು ದಾರದಲ್ಲಿ ಅಳೆದು, ಗಂಟು ಹಾಕಿ, ಮೌನಿಯ ಕೈಗೆ ಕೊಟ್ಟೆ. ಹಿಮ್ಮಡಿಯಿಂದ ಸೊಂಟಕ್ಕೊಂದು ಗಂಟು, ಸೊಂಟದಿಂದ ತಲೆಗೊಂದು ಗಂಟು. ಅವನು ದಾರ ಹಿಡಿದು ನೋಡಿದ. “ಇವ್ರು ಬೇರೆ ಅಕ್ಕನಾ?” ಅಂದ. ಅದೇ ಅಕ್ಕ ಅಂದೆ. ಮೊದಲ ಸಲ ಅವನು ಮರುಮಾತಾಡದೆ ಕೆಲಸಕ್ಕೆ ಕೂತ. ಸೀಟು ಇಳಿಸುವ ಹಾಗಿಲ್ಲ, ನಿನ್ನ ಸೊಂಟ ಬಾಗಬಾರದು. ಅದಕ್ಕೆ ಗಾಡಿಯ ನೆಲವನ್ನೇ ಎತ್ತಿಸಿದೆ. ಹಳೇ ಬಾಗಿಲಿನ ಹಲಗೆ ಕೂರಿಸಿ, ಮೇಲೆ ಗೋಣಿ ಹೊಡೆದಿದ್ದೇವೆ, ಕಾಲು ಜಾರುವುದಿಲ್ಲ. ಹಿಡಿಯನ್ನು ಕೆಳಗಿಳಿಸಿ ಬಟ್ಟೆ ಸುತ್ತಿದ್ದೇನೆ. ನಿನ್ನ ಹಾಸಿಗೆಯನ್ನು ಹಿಂಜಿ ನಿನ್ನ ಉದ್ದಕ್ಕೆ ಹೊಲಿದೆ. ಉಳಿದ ಹತ್ತಿ ಎಲ್ಲಿಗೆ ಹೋಯಿತು ಗೊತ್ತೇ? ಸೀಟಿಗೆ. ಅಷ್ಟು ವರ್ಷ ನಿನ್ನ ಕಾಲಡಿಯಲ್ಲಿ ಸುಮ್ಮನೆ ಬಿದ್ದಿದ್ದದ್ದು ಈಗ ನಿನ್ನ ಬೆನ್ನಿಗೆ ಬಂದಿದೆ.

ಭಾನುವಾರ ಬಿಸಿಲೇರುವ ಮೊದಲು ಗಾಡಿ ತರುತ್ತೇವೆ. ನೀನು ಬಂದರೂ ಬರದಿದ್ದರೂ ಹಾಸಿಗೆ ಇಳಿಸಿಯೇ ಹೋಗುತ್ತೇವೆ, ಬೆನ್ನಿಗೆ ಬೇಕು ನಿನಗೆ. ಬರುವ ಮನಸ್ಸಾದರೆ ಬೀದಿ ಕಡೆಯ ಕಿಟಕಿ ತೆಗೆದಿಡು, ನಾನು ಕೆಳಗಿನಿಂದಲೇ ತಿಳಿದುಕೊಳ್ಳುತ್ತೇನೆ. ಮುಚ್ಚಿದ್ದರೆ ಏನೂ ಕೇಳುವುದಿಲ್ಲ, ಇನ್ನೊಂದು ಭಾನುವಾರ ಬರುತ್ತೇನೆ. ಎದುರು ಮನೆಯವಳಿಗೆ ಹೇಳಿದ್ದೇನೆ, ಅವತ್ತು ಅವಳೇ ಬಂದು ಕುರ್ಚಿಗೆ ಕೈ ಕೊಡುತ್ತಾಳಂತೆ. ಹೊಳೆಯ ಹತ್ತಿರ ಇಳಿಯಬೇಕಾಗಿಲ್ಲ. ಬಾಗಿಲು ತೆಗೆದು ಸೀಟು ತಿರುಗಿಸಿದರೆ ನೀನು ಕೂತಲ್ಲಿಗೇ ನೀರು ಕಾಣುತ್ತದೆ. ನಾನು ಕೆಳಗೆ ನಿಂತಿರುತ್ತೇನೆ. ಕೂತ ನೀನು ನಿಂತ ನನಗಿಂತ ಒಂದು ಗೇಣು ಎತ್ತರ ಕಾಣುತ್ತೀ. ಮೌನಿಯನ್ನು ಕೂರಿಸಿ, ನಿನ್ನ ದಾರ ಹಿಡಿದು ನೋಡಿದ್ದೇನೆ.

ಚಿಕ್ಕವಳು ನಾನು, ನಿನಗೆ ಆಶೀರ್ವಾದ ಮಾಡುವಂತಿಲ್ಲ. ದೇವರ ಹತ್ತಿರ ಬೇಡುವುದಕ್ಕೆ ಮಾತ್ರ ಯಾರೂ ಚಿಕ್ಕವರಲ್ಲ. ನೀನು ಎಲ್ಲಿ ಕೂತರೂ ನಿನ್ನ ಕಾಲಿಗೆ ನೆಲ ಸಿಗಲಿ.

ಎಷ್ಟು ಉದ್ದ ಬೆಳೆದರೂ ನಿನ್ನನ್ನು ಕತ್ತೆತ್ತಿಯೇ ನೋಡುವ,
ನಿನ್ನ ಕುಳ್ಳಿ