ಗಟ್ಟಿನೆಲದಲ್ಲಿ ಗೈಶಾಳ ಡೇರೆ

ಹೊಗ್ಗರ್ ಬೆಟ್ಟದ ಕೆಳಗೆ, ಒಣಹೊಳೆಯ ಹೊಸ ಬಿಡಾರ,
ಫೆಬ್ರವರಿ ೧೧, ಮಂಗಳವಾರ

ನನ್ನ ಮನೆಯೊಡತಿ ಗೈಶಾಗೆ ಉಕ್ಸೆಮ್ ಮಾಡುವ ಸಲಾಮು.

ಹೇಗಿದ್ದೀಯ? ಊಟ ಸೇರುತ್ತಿದೆಯೇ? ಬಾಯಿಯ ಹುಣ್ಣು ಮಾಯಿತೇ? ಕೂದಲು ಮತ್ತೆ ಚಿಗುರುತ್ತಿದೆ ಎಂದು ನಿನ್ನ ಅಣ್ಣ ಅಗಾಲಿ ಫೋನಿನಲ್ಲಿ ಹೇಳಿದ. ಅಲ್ಜೀರ್ಸಿನ ಚಳಿ ಒದ್ದೆ ಚಳಿ, ತಲೆಗೆ ಬಟ್ಟೆ ಕಟ್ಟಿಕೋ. ಆಸ್ಪತ್ರೆಯ ಸಪ್ಪೆ ಸಾರು ನಿನಗೆ ಸೇರುವುದಿಲ್ಲ ಎಂದು ಗೊತ್ತು, ಆದರೂ ಕಣ್ಣು ಮುಚ್ಚಿ ಕುಡಿ. ಈ ಪತ್ರ ತರುತ್ತಿರುವ ಟೀಚರಮ್ಮನ ಕೈಯಲ್ಲಿ ಖರ್ಜೂರವನ್ನೂ ಆಡಿನ ಹಾಲಿನ ಒಣ ಚೀಸನ್ನೂ ಕಳಿಸಿದ್ದೇನೆ. ಚೀಸು ಸ್ವಲ್ಪ ಉಪ್ಪಾಗಿದೆ, ನಾನೇ ಮಾಡಿದ್ದು. ಬಿಸಾಡಬೇಡ, ಪಕ್ಕದ ಮಂಚದವರಿಗಾದರೂ ಕೊಡು.

ಫೋನಿರುವಾಗ ಪತ್ರ ಯಾಕೆ ಎನ್ನುತ್ತೀಯ. ಈ ಹೊಸ ಜಾಗದಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಹತ್ತಿದರೂ ಅಗಾಲಿ ಫೋನನ್ನು ಸ್ಪೀಕರಿಗೆ ಹಾಕಿ ನಮ್ಮಿಬ್ಬರ ನಡುವೆ ಕೂತಿರುತ್ತಾನೆ. ಅದಕ್ಕೇ ನಮ್ಮ ತಿಫಿನಾಗ್ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಅಮ್ಮ ನಿನ್ನ ಬೆರಳು ಹಿಡಿದು ಮರಳಿನ ಮೇಲೆ ಬರೆಸಿದ್ದಳು, ನೀನು ನನಗೆ ಕಲಿಸಿದೆ. ಫ್ರೆಂಚನ್ನೂ ಅರಬ್ಬಿಯನ್ನೂ ಅರೆದು ಕುಡಿದ ನಿನ್ನ ಅಣ್ಣ ಇದನ್ನು ಮಾತ್ರ ಓದಲಾರ. ಹೋದ ತಿಂಗಳು ನೀನು ನನ್ನನ್ನು ಒಂದು ಮಾತು ಕೇಳಿದ್ದೆ: “ಇನ್ನೊಂದು ಸುತ್ತು ಮದ್ದು ಏರಿಸ್ಕೊಳ್ಲಾ, ಇಲ್ಲಾ ಬಂದ್ಬಿಡ್ಲಾ? ನೀನು ಹೇಳು, ಅಣ್ಣ ಬೇಡ.” ಅಣ್ಣ ಹೇಳಿದ ಹಾಗೆ ಮಾಡು ಎಂದುಬಿಟ್ಟೆ ನಾನು. ನೀನು ಫೋನನ್ನು ಅಣ್ಣನ ಕೈಗೆ ಕೊಟ್ಟುಬಿಟ್ಟೆ. ಆ ಮಾತಿಗೆ ಉತ್ತರ ಬರೆಯಬೇಕೆಂದೇ ಕೂತಿದ್ದೇನೆ. ಆದರೆ ಮೊದಲು ಡೇರೆಯ ಸುದ್ದಿ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ನನ್ನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ನೀನು.

ಹಳೆಯ ಜಾಗದ ಬಾವಿ ಡಿಸೆಂಬರಿನಲ್ಲೇ ಉಪ್ಪಾಯಿತು. ಆಡುಗಳು ಕುಡಿಯದೆ ಮೂತಿ ತಿರುಗಿಸತೊಡಗಿದವು. ಬಿಡಾರ ಎತ್ತಲೇಬೇಕಿತ್ತು, ಎತ್ತುವವಳು ನೀನು ಇರಲಿಲ್ಲ. ಮದುವೆಯಲ್ಲಿ ನಿನ್ನ ತಾಯಿ ಕೊಟ್ಟ ಡೇರೆ ಅದು, ನಾನು ಅದರಲ್ಲಿ ಇಪ್ಪತ್ತೆರಡು ವರ್ಷದ ಅತಿಥಿ. ಅದರ ಒಂದು ಗೂಟವನ್ನೂ ಮುಟ್ಟಿದವನಲ್ಲ. ನೀನಾದರೆ ಬೆಳಗಿನ ಚಹಾ ಆರುವುದರೊಳಗೆ ಬಿಚ್ಚಿ, ಸುತ್ತಿ, ಕತ್ತೆಗಳ ಮೇಲೆ ಹೇರಿರುತ್ತಿದ್ದೆ. ನಾನು ಬಿಚ್ಚುವುದನ್ನೇನೋ ಬಿಚ್ಚಿದೆ. ತೊಗಲಿನ ಹೊದಿಕೆಯನ್ನು ಹೇಗೆ ಮಡಚಿದರೂ ಕತ್ತೆಯ ಬೆನ್ನಿಂದ ಜಾರುತ್ತಿತ್ತು. ಮಡಚುತ್ತ, ಹರಡುತ್ತ, ಎರಡು ದಿನ ಅದರ ನಡುವೆಯೇ ಕೂತೆ. ನಮ್ಮಲ್ಲಿ ಡೇರೆ ಕೆಡವಿ ಹಾಕುವುದು ಅದರ ಒಡತಿ ಸತ್ತಾಗ. ಆಸ್ಪತ್ರೆಗೆ ಹೋದ ಹೆಂಗಸಿನ ಡೇರೆ ಎರಡು ದಿನ ನೆಲದ ಮೇಲೆ ಬಿದ್ದಿದ್ದರೆ ನೋಡಿದವರು ಏನು ತಿಳಿಯುತ್ತಾರೆ ಎಂಬುದು ಈ ದಡ್ಡನ ತಲೆಗೆ ಹೊಳೆಯಲೇ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಆಚೆ ಬಿಡಾರದ ಕೆಲ್ಲಾ ಅಜ್ಜಿ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಅಳುತ್ತಾ ಬಂದಳು. “ಅಯ್ಯೋ ಗೈಶಾ, ನನ್ನ ಕೂಸೇ, ನಮಗೊಂದು ಮಾತು ಹೇಳ್ದೆ ಹೋಗ್ಬಿಟ್ಯಲ್ಲೇ” ಎಂದು ಅವಳು ದೂರದಿಂದಲೇ ಎದೆ ಬಡಿದುಕೊಳ್ಳುತ್ತಿದ್ದಳು. ಗೈಶಾ, ನಿಜ ಹೇಳುತ್ತೇನೆ, ಅವರು ಯಾಕೆ ಅಳುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ಅಲ್ಜೀರ್ಸಿನಿಂದ ಸುದ್ದಿ ಬಂದಿದೆ, ನನಗಿಂತ ಮೊದಲು ಇವರಿಗೆ ಮುಟ್ಟಿದೆ ಎಂದುಕೊಂಡೆ. ಅಲ್ಲೇ ತೊಗಲಿನ ಮೇಲೆ ಕೂತುಬಿಟ್ಟೆ. ಅವರು ನನ್ನ ಸುತ್ತ ಕೂತು ಅತ್ತರು, ನಾನೂ ಅವರ ಜೊತೆ ಅತ್ತೆ. ಸುದ್ದಿ ಯಾವಾಗ ಬಂತು ಎಂದು ಕೆಲ್ಲಾ ಅಜ್ಜಿ ನನ್ನನ್ನು ಕೇಳಿದಳು. ನಿಮಗೆ ಯಾವಾಗ ಬಂತು ಎಂದು ನಾನು ಅವಳನ್ನು ಕೇಳಿದೆ. ಯಾರಿಗೂ ಬಂದಿರಲಿಲ್ಲ. ಅವರು ನೋಡಿದ್ದು ಬಿದ್ದ ಡೇರೆಯನ್ನು, ನಾನು ನೋಡಿದ್ದು ಅವರ ಕಣ್ಣೀರನ್ನು.

ಆಮೇಲೆ ಬಿತ್ತು ನನಗೆ ಪೂಜೆ. “ಬದುಕಿರೋಳ ಮನೆ ಬಿಚ್ಚಿ ಹರವ್ಕೊಂಡು ಕೂತಿದ್ದೀಯಲ್ಲೋ, ಒಂಟೆ ಹಿಂದೆ ತಿರುಗಿ ತಿರುಗಿ ನಿನ್ನ ಬುದ್ಧಿನೂ ಹಂಗೇ ಆಯ್ತಾ” ಎಂದು ಅಜ್ಜಿ ಕೋಲಿನಿಂದ ಬೆನ್ನಿಗೆ ಎರಡು ಕೊಟ್ಟಳು. ನಾಲ್ವರೂ ನಕ್ಕರು. ನಾನು ಮುಸುಕನ್ನು ಕಣ್ಣಿನವರೆಗೆ ಎಳೆದುಕೊಂಡೆ, ನಮ್ಮಲ್ಲಿ ಗಂಡಸಿಗೆ ಮುಸುಕು ಇರುವುದೇ ಇಂಥ ಹೊತ್ತಿಗೆ. ಹೇರುವ ಕೆಲಸವನ್ನು ಮಾತ್ರ ಅವರೇ ಮಾಡಿಕೊಟ್ಟರು. ಹೊಸ ಜಾಗದಲ್ಲಿ ಎಬ್ಬಿಸಿಕೊಡಿ ಎಂದಾಗ ಅಜ್ಜಿ ಕೈ ಕಟ್ಟಿ ನಿಂತಳು. “ಇನ್ನೊಬ್ಬಳ ಮನೆ ಗೂಟ ನಾನ್ಯಾಕೆ ಹೊಡೀಲಿ? ನೀನು ಹೊಡಿ, ನಾನು ನೋಡ್ತೀನಿ” ಎಂದಳು. ನೋಡುವುದೇನು, ಬೈಗುಳದ ಮಳೆ ಸುರಿಸಿದಳು.

ಇಲ್ಲಿಯ ನೆಲ ನಿನಗೆ ಗೊತ್ತಲ್ಲ, ಮೇಲೆ ಒಂದು ಬೆರಳು ಮರಳು, ಕೆಳಗೆ ಸುಟ್ಟ ಇಟ್ಟಿಗೆಯಂಥ ಮಣ್ಣು. ಮೊದಲ ಗೂಟ ಸೀಳಿತು. ಎರಡನೆಯದು ಸೀಳಿತು. ಮೂರನೆಯದು ಎಗರಿ ನನ್ನ ಮೊಣಕಾಲಿಗೇ ಬಡಿಯಿತು. ಮೊದಲು ಕಬ್ಬಿಣದ ಸಲಾಕೆಯಿಂದ ಗೇಣುದ್ದ ತೂತು ಮಾಡಬೇಕು, ಸಂಜೆ ಅದಕ್ಕೆ ಒಂದು ಲೋಟ ನೀರು ಕುಡಿಸಬೇಕು, ಬೆಳಗಿನವರೆಗೆ ಮುಟ್ಟಬಾರದು ಎಂದು ಅಜ್ಜಿ ಕಲಿಸಿದಳು. ಗೂಟದ ತಲೆ ಡೇರೆಗೆ ಬೆನ್ನು ಹಾಕಿ ಆಚೆಗೆ ವಾಲಿರಬೇಕಂತೆ. ನಾನು ನೆಟ್ಟಗೆ ಹೊಡೆದಿದ್ದೆ, ಅದಕ್ಕೇ ನಾಲ್ಕನೆಯ ದಿನದ ಗಾಳಿಗೆ ಮುಂದಿನ ಮೇಲ್ಕಟ್ಟು ಕಿತ್ತುಹೋಗಿ ಜಾಲಿಮುಳ್ಳಿಗೆ ಸಿಕ್ಕಿಕೊಂಡಿತು. ಒಂದು ಮೊಳ ಹರಿದಿದೆ. ಹೊಲಿದಿದ್ದೇನೆ, ನೋಡಿದರೆ ಬೈಯುತ್ತೀಯ. ಗೂಟವೇ ಇಳಿಯದ ಬಂಡೆಯ ಕಡೆ ಹಗ್ಗಕ್ಕೆ ಕಲ್ಲಿನ ಗಂಟು ಕಟ್ಟಿ ಗುಂಡಿಯಲ್ಲಿ ಹೂತೆ. ಸುತ್ತಲಿನ ಚಾಪೆ-ತಡಿಕೆಯ ಅಂಚಿಗೆ ಎರಡೆರಡು ಗೇಣಿಗೊಂದು ಸಣ್ಣ ಗೂಟ ಹೊಡೆದು, ಅವುಗಳ ನಡುವೆ ಕಲ್ಲು ಪೇರಿಸಿದೆ. ನೆಲಕ್ಕೆ ಕುಡಿಸಿದ ನೀರು ನನ್ನ ಮಧ್ಯಾಹ್ನದ ಚಹಾದ ನೀರು. “ಹೆಂಡ್ತಿ ಡೇರೆಗೋಸ್ಕರ ಚಹಾ ಬಿಟ್ಟ ಗಂಡ್ಸನ್ನ ಎಂಬತ್ತು ವರ್ಷದಲ್ಲಿ ಇವತ್ತೇ ಕಂಡೆ” ಎಂದು ಅಜ್ಜಿ ಮೂರು ಬಿಡಾರಕ್ಕೂ ಸಾರಿಬಂದಿದ್ದಾಳೆ.

ನೀನು ಇದನ್ನೆಲ್ಲ ವರ್ಷಕ್ಕೆ ನಾಲ್ಕು ಸಲ ಮಾಡುತ್ತಿದ್ದೆ. ನಾನು ದೂರದಲ್ಲಿ ಒಂಟೆಗಳ ಜೊತೆ ನಿಂತು, ಇನ್ನೂ ಆಗಲಿಲ್ಲವೇ ಎಂದು ಕೂಗುತ್ತಿದ್ದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ನಿನ್ನ ಅಂಗೈಯಲ್ಲಿ ಜಡ್ಡುಗಟ್ಟಿದ ಗಂಟುಗಳನ್ನು ಇಷ್ಟು ವರ್ಷ ಹಿಡಿದುಕೊಂಡರೂ ಅವು ಎಲ್ಲಿಂದ ಬಂದವು ಎಂದು ಒಮ್ಮೆಯೂ ಕೇಳಲಿಲ್ಲ. ನನ್ನ ಕೈಯಲ್ಲೂ ಈಗ ಎರಡು ಎದ್ದಿವೆ.

ಹತ್ತು ದಿನ ಹಿಡಿಯಿತು, ಆದರೂ ನಿಂತಿದೆ. ಮೊನ್ನೆಯ ಧೂಳುಗಾಳಿಗೂ ಅಲುಗಲಿಲ್ಲ. ನಿನ್ನ ಹಾಸಿಗೆ, ನಿನ್ನ ತೊಗಲುಚೀಲ ಒಳಗಿವೆ. ನಾನು ಹೊರಗೆ ಮೇಲ್ಕಟ್ಟಿನ ಕೆಳಗೆ ಮಲಗುತ್ತೇನೆ, ಒಡತಿಯಿಲ್ಲದ ಮನೆಯೊಳಗೆ ಮಲಗಲು ಮನಸ್ಸು ಒಪ್ಪುವುದಿಲ್ಲ. ಆಡುಗಳು ಚೆನ್ನಾಗಿವೆ, ಕಿವಿ ಹರಿದದ್ದು ಅವಳಿ ಹಾಕಿದೆ. ಕೆಲ್ಲಾ ಅಜ್ಜಿ ನಿನಗೆ ಆಶೀರ್ವಾದ ಹೇಳಿದ್ದಾಳೆ, ನನ್ನ ಮೇಲಿನ ಚಾಡಿಯನ್ನೂ ಹೇಳಿಕಳಿಸಿದ್ದಾಳೆ, ಅದನ್ನು ನಾನು ಬರೆಯುವುದಿಲ್ಲ. ಅಗಾಲಿಗೆ ನನ್ನ ನಮಸ್ಕಾರ ತಿಳಿಸು. ನಿನ್ನನ್ನು ಕಣ್ಣಿನ ರೆಪ್ಪೆಯ ಹಾಗೆ ನೋಡಿಕೊಳ್ಳುತ್ತಿದ್ದಾನೆ, ಆ ಋಣ ನಾನು ತೀರಿಸಲಾರೆ. ದೇವರು ನಿನ್ನ ನೋವನ್ನು ಹಗುರ ಮಾಡಲಿ.

ನಿನ್ನ ಮನೆಯ ಅತಿಥಿ,
ಉಕ್ಸೆಮ್

ಮರೆತದ್ದಲ್ಲ, ಕೈ ಬರದೆ ಬಿಟ್ಟದ್ದು: ಟೀಚರಮ್ಮನ ಜೀಪು ಬಂದು ನಿಂತಿದೆ, ಇನ್ನು ತಪ್ಪಿಸಿಕೊಳ್ಳಲು ಹೊತ್ತಿಲ್ಲ. ಸೆಪ್ಟೆಂಬರಿನಲ್ಲಿ ನಾನು ಅಲ್ಲಿಂದ ಹೊರಟ ದಿನ ಡಾಕ್ಟರಮ್ಮ ನನ್ನನ್ನೂ ಅಗಾಲಿಯನ್ನೂ ಕೂರಿಸಿಕೊಂಡು ಹೇಳಿದ್ದಳು. ಈ ಮದ್ದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಸ್ವಲ್ಪ ತಡೆದು ನಿಲ್ಲಿಸಬಹುದು ಅಷ್ಟೇ, ಬರುವ ಬೇಸಿಗೆ ದಾಟುವುದು ಕಷ್ಟ ಎಂದಳು. ನಿನಗೆ ತಿಳಿಸುವುದು ಒಳ್ಳೆಯದು ಎಂದೂ ಅಂದಳು. ಅಗಾಲಿ ಅತ್ತು, ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡ. ಐದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಆಣೆ ಮುರಿದಿದ್ದೇನೆ, ಅದರ ಪಾಪ ನನಗಿರಲಿ. ಅವನ ಮೇಲೆ ಸಿಟ್ಟಾಗಬೇಡ, ಹೆದರಿ ಹಾಗೆ ಮಾಡಿದ. ನಾನೂ ಹೆದರಿದ್ದೆ. ನೀನು ಬಾ ಗೈಶಾ. ಗುಣವಾಗಲಿ ಎಂದು ಕರೆಯುತ್ತಿಲ್ಲ, ನೀನಿಲ್ಲದೆ ನನಗೆ ಆಗುತ್ತಿಲ್ಲ, ಅದಕ್ಕೇ ಕರೆಯುತ್ತಿದ್ದೇನೆ. ಇಲ್ಲೇ ಇರುತ್ತೇನೆ, ಮದ್ದು ಏರಿಸಿಕೊಳ್ಳುತ್ತೇನೆ ಎಂದು ನೀನು ಅಂದರೆ ಟೀಚರಮ್ಮನ ಹತ್ತಿರ ಹೇಳಿಕಳಿಸು, ಆಡುಗಳನ್ನು ಅಜ್ಜಿಗೆ ಒಪ್ಪಿಸಿ ನಾನೇ ಬರುತ್ತೇನೆ. ಯಾವುದೇ ಆಗಲಿ, ಗೊತ್ತಿದ್ದು ನೀನೇ ಹೇಳು.