ಎರಡನೇ ಬಾಟಲಿ

ತಮ್ಮಾ,

ರಾತ್ರಿಪಾಳಿ ಮುಗಿಸಿ ಈಗಷ್ಟೇ ಮಲಗಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ. ಹನ್ನೆರಡಕ್ಕೆ ಅಲಾರಂ ಇಟ್ಟಿದ್ದೇನೆ. ಆಫ್ ಮಾಡಿ ಮತ್ತೆ ಹೊದ್ದುಕೊಂಡೆಯೋ, ನೋಡು.

ಒಂದು ಗಂಟೆಗೆ ಅಮ್ಮ ಇನ್ಸುಲಿನ್ ಚುಚ್ಚಿಕೊಂಡು ಊಟಕ್ಕೆ ಕೂರುತ್ತಾಳೆ. ಉಂಡ ಮೇಲೂ ಅವಳ ಎದುರಿಗೇ ಇರು. ನಿನ್ನೆ ಹೊಟ್ಟೆ ತುಂಬ ಉಂಡು ಅರ್ಧ ಗಂಟೆಗೆಲ್ಲ ಬೆವರಿದಳು. ಕತ್ತರಿ ಕೈಯಲ್ಲೇ ಹಿಡಿದುಕೊಂಡು, "ನನ್ನ ಕತ್ತರಿ ಎಲ್ಲೇ?" ಅಂದಳು. ಸಕ್ಕರೆ ನೀರು ಕುಡಿಸಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮತ್ತೆ ಹಾಗಾದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸು, ಆಮೇಲೆ ನನಗೆ ಫೋನ್ ಮಾಡು.

ಊಟಕ್ಕೆ ಮುಂಚೆ ಕುಡಿಯುವ ವಿನೆಗರ್ ನೀರೇ ಕಾರಣ ಇರಬೇಕು ಅಂದರು ಡಾಕ್ಟರು. ಆ ಹುಳಿಗೆ ಊಟ ಹೊಟ್ಟೆಯಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದಂತೆ, ಇನ್ಸುಲಿನ್ ಮಾತ್ರ ಕಾಯದೆ ಶುಗರ್ ಇಳಿಸಿಬಿಡುತ್ತದಂತೆ. "ಯಾರು ಕೊಟ್ರು ನಿಮಗೆ ಇದನ್ನ?" ಅಂತ ಗದರಿದಾಗ ಅಮ್ಮ ನನ್ನ ಕಡೆ ನೋಡದೆ, "ನಾನೇ ತಂದ್ಕೊಂಡೆ" ಅಂದಳು.

ತಂದವಳು ನಾನು ಕಣೋ, ಶುಗರ್‌ಗೆ ಒಳ್ಳೆಯದು ಅಂತ ಯಾರೋ ಹೇಳಿದ್ದು ಕೇಳಿ. ಎರಡು ಬಾಟಲಿ. ಒಂದನ್ನು ಬೆಳಿಗ್ಗೆ ಚೆಲ್ಲಿದೆ, ಇನ್ನೊಂದು ಎಲ್ಲೂ ಸಿಗಲಿಲ್ಲ. ಕೇಳಿದರೆ, "ಮಗಳು ಪ್ರೀತಿಯಿಂದ ತಂದಿದ್ದು, ಚೆಲ್ಲೋಕಾಗುತ್ತಾ?" ಅಂತ ನಗುತ್ತಾಳೆ.

ಎಂದೂ ಇಲ್ಲದ್ದು, ಇವತ್ತು ಹೊಲಿಗೆ ಮೆಷಿನ್ನಿನ ಡ್ರಾಯರಿಗೆ ಬೀಗ ಹಾಕಿದ್ದಾಳೆ. ಒಂದು ಗಂಟೆ ಹೊಡೆಯುವುದರೊಳಗೆ ತೆಗೆಸು.

ಅಕ್ಕ